ತಲೆಬಾಗಿ ಹೊರಡಿ

ಅವ್ವ ಹಿಂದಿನ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ. ಹಿಂದೆ ಕೂತರೆ ತಲೆ ಸುತ್ತುತ್ತದೆ ಎಂದು ಡ್ರೈವರನ ಪಕ್ಕದಲ್ಲಿ, ಪೊಲೀಸಿನವನು ಕೂರಬೇಕಾದ ಜಾಗದಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಳು. ಪೊಲೀಸಿನವನು ಹಿಂದೆ ಬಂದು ಬಂದೂಕನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ. ತನ್ನದೇ ಕಾರಿನಲ್ಲಿ ಶಾಸಕನಾದವನು ಬಂದೂಕಿಗೆ ಮೈ ತಾಗದಂತೆ ಮುದುಡಿ ಕೂತು ವಿಧಾನಸಭೆಗೆ ಹೋಗಬೇಕಾಯಿತಲ್ಲ ಎಂದು ಎಘೋಸಾನಿಗೆ ಮೊದಲ ಸಿಟ್ಟು ಅಲ್ಲಿಯೇ ಬಂತು. ಕರೆತರಬಾರದಿತ್ತು. ಆದರೆ ಕರೆತರದಿದ್ದರೆ ಇವತ್ತಿನ ದಿನಕ್ಕೆ ಅರ್ಥವೇ ಇರಲಿಲ್ಲ. ಅವಳು ಪೆಟ್ಟಿಗೆಯಿಂದ ತೆಗೆದು ಉಟ್ಟಿದ್ದ ಕೆಂಪು ಬಟ್ಟೆಯಿಂದ ನುಸಿಗುಳಿಗೆಯ ವಾಸನೆ ಕಾರು ತುಂಬ ಹರಡಿತ್ತು. ಕಿಟಕಿ ಇಳಿಸಲು ಹೇಳಿದರೆ ಅವಳಿಗೆ ನೋವಾದೀತು ಎಂದು ಸುಮ್ಮನಿದ್ದ. ಸುಮ್ಮನಿದ್ದುದಕ್ಕೂ ಅವಳ ಮೇಲೆಯೇ ಸಿಟ್ಟಾದ. ಬಾಯಿಯೊಳಗೆ ಮತ್ತೊಮ್ಮೆ ಪ್ರಶ್ನೆಯನ್ನು ಉರುಹೊಡೆದುಕೊಂಡ. ಮೈ ಲಾರ್ಡ್, ಆ ಮನೆಯನ್ನು ಕಟ್ಟಿದವರು ಯಾರು ಎಂದು ನೀವು ಒಮ್ಮೆಯೂ ಯಾಕೆ ಕೇಳಲಿಲ್ಲ? ಇಷ್ಟೇ. ಇಂಗ್ಲಿಷಿನಲ್ಲಿ ಇನ್ನೂ ಚಿಕ್ಕದಾಗಿತ್ತು. ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿಕೊಳ್ಳುವಾಗ ಹೆಂಡತಿ ಬಚ್ಚಲಿಂದ ಕೂಗಿ, "ಯಾರನ್ನ ಬೈತಾ ಇದೀಯಾ, ನನ್ನನ್ನಾ?" ಎಂದಿದ್ದಳು.

ಮನೆ ಕಟ್ಟಿದವಳು ಅವ್ವ. ಇದರಲ್ಲಿ ಎರಡು ಮಾತಿಲ್ಲ. ಸಂತೆಯಲ್ಲಿ ತಾಳೆಎಣ್ಣೆ ಮಾರಿ, ಬಂದದ್ದರಲ್ಲಿ ಅರ್ಧ ಸಿಮೆಂಟಿಗೆ ಸುರಿದು, ಮೇಸ್ತ್ರಿ ಕೈಕೊಟ್ಟ ದಿನ ತಾನೇ ಮರಳು ಹೊತ್ತು ಕಟ್ಟಿಸಿದಳು. ಜಾಗ ಮಾತ್ರ ಅಪ್ಪನ ಹೆಸರಿನಲ್ಲಿತ್ತು. ಅಪ್ಪನಿಗೆ ಇಬ್ಬರು ಹೆಂಡಿರು. ಮೊದಲ ಹೆಂಡತಿಯ ಮನೆಯಲ್ಲಿ ಅವನು ಉಂಡ, ಜಗಳವಾಡಿದ. ಮುದುಕನಾದ ಮೇಲೆ ಅವ್ವ ಕಟ್ಟಿದ ಮನೆಗೆ ಬಂದು, ಅವಳ ಕೈಯಲ್ಲಿ ಸೇವೆ ಮಾಡಿಸಿಕೊಂಡು, ಅಲ್ಲಿಯೇ ಸತ್ತ. ಸತ್ತದ್ದೇ ತಪ್ಪಾಯಿತು. ಊರ ರೂಢಿಯಲ್ಲಿ ತಂದೆ ಬಾಳಿ ಸತ್ತ ಮನೆ ಎಂದರೆ ಇಗಿಯೊಗ್ಬೆ, ಅದು ಹಿರಿಮಗನಿಗೆ, ಉತ್ತರಕ್ರಿಯೆ ಮುಗಿಸಿದ ಮೇಲೆ ಅದನ್ನು ಅವನ ಕೈಯಿಂದ ಯಾರೂ ಕಿತ್ತುಕೊಳ್ಳುವಂತಿಲ್ಲ. ಮೊದಲ ಹೆಂಡತಿಯ ಮಗ ಒಸಾಜೆ ಎಲ್ಲ ದಿನಗಳ ಕ್ರಿಯೆಯನ್ನೂ ಒಂದು ಲೋಪವಿಲ್ಲದೆ ಮಾಡಿದ, ಆಡು ಕಡಿದ, ಊರಿಗೆ ಕುಡಿಸಿದ, ನಂತರ ಬಂದು ಬೀಗ ಬದಲಿಸಿದ. ಮೊಕದ್ದಮೆ ಹೈಕೋರ್ಟಿಗೆ ಹೋದಾಗ ಪೀಠದ ಮೇಲೆ ಕೂತಿದ್ದವರು ಜಸ್ಟಿಸ್ ಉವೈಲಾ ಐಸಿಯೆನ್. ಅವ್ವ ನಡುವೆ ಎದ್ದು ತನ್ನೂರಿನ ಮಾತಿನಲ್ಲಿ ಏನೋ ಹೇಳಹೋದಳು. ಬರೆಯುತ್ತಿದ್ದ ಪೆನ್ನನ್ನು ಎತ್ತದೆ, ತಲೆಯನ್ನೂ ಎತ್ತದೆ, ಅವರು ಆಡಿದ್ದು ಒಂದೇ ಮಾತು: "ಆ ಹೆಂಗಸನ್ನ ಕೂರಿಸಿ." ಅವ್ವ ಕೂತಳು. ಮನೆ ಒಸಾಜೆಗೇ ಉಳಿಯಿತು. ಅಂದಿನಿಂದ ಅವಳು ಇನ್ನೂ ಎದ್ದಿಲ್ಲ ಎಂದು ಎಘೋಸಾನಿಗೆ ಎಷ್ಟೋ ಸಲ ಅನ್ನಿಸಿದೆ. ಇವತ್ತು ಅದೇ ನ್ಯಾಯಾಧೀಶೆಯನ್ನು, ರೂಢಿಯ ನ್ಯಾಯಕ್ಕೆಂದೇ ಇರುವ ಮೇಲ್ಮನವಿ ನ್ಯಾಯಾಲಯದ ಅಧ್ಯಕ್ಷೆಯನ್ನಾಗಿ ಗವರ್ನರ್ ಹೆಸರಿಸಿದ್ದಾರೆ. ಹೌದು ಎನ್ನಬೇಕಾದದ್ದು ವಿಧಾನಸಭೆ. ಅಂದರೆ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಜೊತೆಗೆ, ಅವನು.

ಗೇಟಿನಲ್ಲಿ ಕಾವಲಿನವಳು ಅವ್ವನ ಚೀಲಕ್ಕೆ ಕೈಹಾಕಿ ಬೇಯಿಸಿದ ಜೋಳದ ತೆನೆಗಳನ್ನು ಹೊರಗೆ ತೆಗೆದಳು. "ಸಾರ್, ಈಯಮ್ಮ ನಿಮ್ಮನೆ ಕೆಲಸದೋರಾ?" ಎಂದು ಕೇಳಿದಳು, ಕೆಟ್ಟ ಮನಸ್ಸಿನಿಂದಲ್ಲ. "ನನ್ನ ಜೊತೆ ಬಂದೋರು, ಬಿಡಿ," ಎಂದ ಎಘೋಸಾ. ತಾಯಿ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾಲಗೆ ಹೊರಳಲಿಲ್ಲ. ಅವ್ವ ತೆನೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಳ್ಳುತ್ತ, "ಏನಂದಳು?" ಎಂದಳು. ಕಾವಲಿನವಳು ಮಾತಾಡಿದ್ದು ಪಟ್ಟಣದ ಇಂಗ್ಲಿಷಿನಲ್ಲಿ. ಅವ್ವನಿಗೆ ಬರುತ್ತಿದ್ದುದು ಸಂತೆಯಲ್ಲಿ ಎಣ್ಣೆ ಮಾರುವಷ್ಟು. "ಜೋಳ ಚೆನ್ನಾಗಿದೆ ಅಂದಳು," ಎಂದ. ಅವಳನ್ನು ಸಾರ್ವಜನಿಕರ ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂರಿಸಿ ಕೆಳಗಿನ ಹಸಿರು ಕುರ್ಚಿಗಳಲ್ಲಿ ತನ್ನದು ಯಾವುದೆಂದು ತೋರಿಸಿದ. ಅವಳು ಅದನ್ನೇ ದಿಟ್ಟಿಸಿ ನೋಡಿದಳು, ಯಾರಾದರೂ ಹೊತ್ತುಕೊಂಡು ಹೋದಾರು ಎನ್ನುವಂತೆ. "ಗಟ್ಟಿಯಾಗಿ ಕೇಳು. ಮೂಗಿನಲ್ಲಿ ಮಾತಾಡ್ಬೇಡ, ನಿಮ್ಮಪ್ಪನ ಹಂಗೆ," ಎಂದಳು.

ಮೆಟ್ಟಿಲಿಳಿದು ಬರುವಾಗ ಬಹುಮತ ಪಕ್ಷದ ನಾಯಕ ಒಗಿಯೆವಾ ಕಾರಿಡಾರಿನಲ್ಲಿ ನಿಂತಿದ್ದ. ಬಿಳಿಯ ಅಗ್ಬಾಡಾ ನಿಲುವಂಗಿಯ ಅಗಲ ತೋಳುಗಳನ್ನು ಎರಡೂ ಹೆಗಲಿಗೆ ಎತ್ತಿ ಹಾಕಿಕೊಳ್ಳುತ್ತ, ಮತ್ತೆ ಜಾರಿಸುತ್ತ, ಮತ್ತೆ ಎತ್ತುತ್ತ ಯಾರಿಗೂ ಕಾಯದವನಂತೆ ಕಾಯುತ್ತಿದ್ದ. ಈ ಮನುಷ್ಯನ ನಗು ಎಘೋಸಾನಿಗೆ ಮೊದಲಿನಿಂದಲೂ ಆಗದು. ನಗು ಮುಗಿದ ಮೇಲೂ ಹಲ್ಲು ಹೊರಗೇ ಇರುತ್ತಿತ್ತು.

"ಬಾರಯ್ಯ ನಮ್ಮ ಲಾಯರ್! ಅದೇನೋ ದೊಡ್ಡ ಪ್ರಶ್ನೆ ಇಟ್ಕೊಂಡಿದೀಯಂತೆ?"

"ಪ್ರಶ್ನೆ ಕೇಳೋ ಹಕ್ಕು ಎಲ್ಲ ಸದಸ್ಯರಿಗೂ ಇದೆ, ಲೀಡರ್."

"ಹಕ್ಕು! ಎಷ್ಟು ಚೆನ್ನಾಗಿ ಅಂತೀಯಯ್ಯ. ಕ್ಯಾಂಟೀನಲ್ಲಿ ಪೆಪ್ಪರ್ ಸೂಪ್ ಕುಡೀತಾ ನಾಲ್ಕು ಜನರ ಮುಂದೆ ಅಂದಿದ್ದೂ ಹಿಂಗೇ ಅಂತೆ. ನನಗೆ ಗೊತ್ತಾಯ್ತು. ಮೈ ಲಾರ್ಡ್‌ಗೂ ಗೊತ್ತಾಗಿದೆ. ಈ ಕಟ್ಟಡದ ಗೋಡೆಗೆಲ್ಲ ಬಾಯಿದೆ ಕಣೋ." ಒಗಿಯೆವಾ ಹತ್ತಿರ ಬಂದು ಅವನ ಟೈ ಸರಿಮಾಡಿದ. "ಪ್ರಶ್ನೆ ಗಿಶ್ನೆ ಏನೂ ಇಲ್ಲ ಇವತ್ತು. ಗವರ್ನರಿಗೆ ಬೇಕಾದೋರು. ತಲೆಬಾಗಿ ಹೊರಡಿ ಅಂತ ಕಳ್ಸೋದಷ್ಟೇ. ಸೂಚನೆ ಮಂಡಿಸೋನು ನೀನು."

"ನಾನಾ?"

"ಮತ್ತಿನ್ಯಾರು? ಅವರು ನಿನ್ನ ಕ್ಷೇತ್ರದೋರು. ಊರ ಮಗಳಿಗೆ ಊರ ಮಗನೇ ಬಾಗಿಲು ತೆಗೀಬೇಕು. ಮೊದಲಿಂದ ನಡ್ಕೊಂಡು ಬಂದಿದ್ದು, ನಾನು ಮಾಡಿದ್ದಲ್ಲ."

"ಬೇರೆ ಯಾರ ಕೈಲಾದ್ರೂ ಹೇಳ್ಸಿ. ನಾನು ಸುಮ್ನಿರ್ತೀನಿ."

"ಹೇಳ್ಸಬಹುದಪ್ಪ. ಆಮೇಲೆ ಪೇಪರಿನೋರು ಬರ್ತಾರೆ. ಊರ ಮಗ ಯಾಕೆ ಏಳಲಿಲ್ಲ ಅಂತಾರೆ. ಅವರಿಗೆ ನಿಮ್ಮ ಮನೆ ಕತೆ ಪೂರ್ತಿ ಬೇಕಾಗುತ್ತೆ." ಅವನ ಕೈ ಇನ್ನೂ ಟೈ ಮೇಲೆಯೇ ಇತ್ತು. "ಮೊನ್ನೆ ಒಸಾಜೆ ಸಿಕ್ಕಿದ್ದ. ಒಳ್ಳೆಯೋನು ಕಣಯ್ಯ ನಿಮ್ಮಣ್ಣ. ನೀನು ಲಾ ಓದ್ವಾಗ ಅವನ ಹತ್ರನೇ ಇದ್ದೆಯಂತಲ್ಲ, ಆ ಮನೇಲೇ? ಫೀಸೂ ಅವನೇ ಕಟ್ಟಿದನಂತೆ. ನಂಗೆ ಗೊತ್ತೇ ಇರಲಿಲ್ಲ. ನಿಮ್ಮ ತಾಯಿಯೋರಿಗೆ ಗೊತ್ತೋ?"

ಒಗಿಯೆವಾ ಉತ್ತರಕ್ಕೆ ಕಾಯದೆ ಅವನ ಹೆಗಲು ತಟ್ಟಿ, ತೋಳುಗಳನ್ನು ಎತ್ತಿ ಹಾಕಿಕೊಂಡು ಹೋದ.

ತನ್ನ ಕುರ್ಚಿಯಲ್ಲಿ ಕೂತಾಗ ಬೆನ್ನಿಗೆ ತಣ್ಣನೆ ಗಾಳಿ ಹೊಡೆಯುತ್ತಿತ್ತು, ಆದರೂ ಅಂಗಿ ಬೆವರಿನಿಂದ ಅಂಟಿಕೊಂಡಿತ್ತು. ಎಲ್ಲೋ ಜನರೇಟರು ಕೆಮ್ಮಿ ಕೆಮ್ಮಿ ಒಂದೇ ಸ್ವರಕ್ಕೆ ಬಂತು. ಕಣ್ಣ ಮುಂದೆ ಬಂದದ್ದು ನೀಲಿ ಬಣ್ಣ. ಆ ಮನೆಯ ತನ್ನ ಕೋಣೆಗೆ ನೀಲಿಯೇ ಬೇಕೆಂದು ಅವ್ವ ಹಟ ಹಿಡಿದು ಹೊಡೆಸಿದ್ದಳು, ಬಣ್ಣ ಒಣಗುವ ಮೊದಲೇ ಮುಟ್ಟಿ ನೋಡಿ ಬಾಗಿಲ ಪಕ್ಕದಲ್ಲಿ ನಾಲ್ಕು ಬೆರಳಿನ ಗುರುತು ಉಳಿಸಿದ್ದಳು. ಅವಳು ಚರ್ಚಿನ ಹಿಂದಿನ ಬಾಡಿಗೆ ಕೋಣೆಯಲ್ಲಿ, ಬೇರೆ ಮೂರು ಮಂದಿ ವಿಧವೆಯರ ಜೊತೆ ಒಂದು ಒಲೆ ಹಂಚಿಕೊಂಡಿದ್ದಾಗ ಅವನು ಆ ಬೆರಳುಗಳ ಎದುರಿಗೆ ಮಂಚ ಹಾಕಿಕೊಂಡು ಓದಿದ. ಹಾಸ್ಟೆಲಿನಲ್ಲಿದ್ದೇನೆ ಎಂದು ಹೇಳಿದ್ದ. ಸರ್ಕಾರ ಸ್ಕಾಲರ್‌ಶಿಪ್ ಕೊಡುತ್ತಿದೆ ಎಂದು ಹೇಳಿದ್ದ. ಒಸಾಜೆ ಕೆಟ್ಟವನಾಗಿದ್ದರೆ ಸುಲಭವಾಗುತ್ತಿತ್ತು. ಒಸಾಜೆ ಒಂದು ಸಂಜೆ ಕಾಲೇಜಿನ ಗೇಟಿಗೆ ಬಂದು, "ಮನೆ ನನ್ನದಾದ್ರೆ ಏನಾಯ್ತು, ತಮ್ಮ ಬೀದೀಲಿ ಮಲಗ್ಬೇಕಾ?" ಎಂದಿದ್ದ. ಹಿರಿಮಗ ತಮ್ಮಂದಿರನ್ನು ಸಾಕಬೇಕು, ಅದೂ ರೂಢಿಯೇ. ರೂಢಿಯ ಆ ಭಾಗ ಎಘೋಸಾನಿಗೆ ಬೇಕಾಗಿತ್ತು. ರಾತ್ರಿಯೂಟಕ್ಕೆ ಅತ್ತಿಗೆ ಬಡಿಸಿದ ಕುಟ್ಟಿದ ಗೆಣಸನ್ನು ಉಂಡು, ಭಾನುವಾರ ಅವ್ವನ ಕೋಣೆಗೆ ಹೋಗಿ, ಹಾಸ್ಟೆಲಿನ ಊಟ ಬಾಯಿಗಿಡಲಾಗದು ಎಂದು ಹೇಳಿ ಅವಳ ಪಾಲಿನ ಮೀನನ್ನೂ ತಿನ್ನುತ್ತಿದ್ದ. ತಿನ್ನುವಾಗ ಅವಳು ನ್ಯಾಯಾಧೀಶೆಯನ್ನು ಶಪಿಸುತ್ತಿದ್ದಳು, ಅವನೂ ಶಪಿಸುತ್ತಿದ್ದ. ಅವಳಿಗಿಂತ ಜೋರಾಗಿ ಶಪಿಸುತ್ತಿದ್ದ. ಆ ಹೆಂಗಸಿನ ಮೇಲಿನ ದ್ವೇಷವನ್ನು ಅವನು ಒಳ್ಳೆಯ ಅಂಗಿಯ ಹಾಗೆ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ. ಅದನ್ನು ತೊಟ್ಟಾಗ ಮಾತ್ರ ಅವನಿಗೆ ತಾನು ಮಗ ಎನ್ನಿಸುತ್ತಿತ್ತು.

ಪಕ್ಕದ ಕುರ್ಚಿಯ ಸದಸ್ಯ ಮೊಬೈಲಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದ. ದಂಡಧಾರಿ ಮುಂದಾಗಿ, ಅವನ ಹಿಂದೆ ಜಸ್ಟಿಸ್ ಐಸಿಯೆನ್ ನಡೆದುಬಂದರು. ಕಪ್ಪು ಕೋಟು, ಕೊರಳಿಗೆ ಒಂದೇ ಎಳೆ ಹವಳ. ಅವರು ಕುಳ್ಳಗಿದ್ದಾರೆ ಎಂಬುದು ಎಘೋಸಾನಿಗೆ ಗೊತ್ತೇ ಇರಲಿಲ್ಲ. ಪೀಠದ ಮೇಲೆ ಕೂತವರ ಎತ್ತರ ಯಾರಿಗೆ ತಿಳಿಯುತ್ತದೆ? ಸ್ಪೀಕರನ ಎದುರಿನ ಕಟಕಟೆಯಂಥ ಮೇಜಿನ ಹಿಂದೆ ನಿಂತಾಗ ಮೈಕು ಅವರ ಹಣೆಗೆ ಬಂತು. ಯಾರೋ ಕಿಸಕ್ಕೆಂದು ನಕ್ಕರು. ಅವರು ಮೈಕನ್ನು ತಾವೇ ಬಗ್ಗಿಸಿಕೊಂಡರು. ಈ ಸಭೆಯ ಅರ್ಧ ಜನರನ್ನು, ಚುನಾವಣೆ ತಕರಾರಿನಲ್ಲೋ ಜಮೀನಿನ ಜಗಳದಲ್ಲೋ, ಒಂದಲ್ಲ ಒಂದು ದಿನ ಅವರು ತಮ್ಮೆದುರು ನಿಲ್ಲಿಸಿಕೊಂಡಿದ್ದರು. ಆ ನೆನಪು ಎರಡೂ ಕಡೆ ಇತ್ತು. ಗುಮಾಸ್ತ ಅವರ ವಿದ್ಯೆ, ಪದವಿ, ಹುಟ್ಟಿದೂರು ಓದಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವರು ಕೈಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ಸಾಲು ಸಾಲಾಗಿ ಮುಖಗಳನ್ನು ನೋಡುತ್ತ ಬಂದರು. ಎಘೋಸಾನ ಮುಖಕ್ಕೆ ಬಂದಾಗ ನಿಂತರು. ಹುಡುಕುತ್ತಿದ್ದುದು ಅದನ್ನೇ. ಎದುರಾಳಿ ವಕೀಲ ಏಳುವುದನ್ನು ಕಾಯುವ ನೋಟ ಅದು. ಭಯ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. ಅವನಿಗೆ ಅವಮಾನವಾದದ್ದು ಅದಕ್ಕೆ.

"ಗೌರವಾನ್ವಿತ ಸದಸ್ಯ ಎಘೋಸಾ," ಎಂದ ಸ್ಪೀಕರ್.

ಎದ್ದು ನಿಂತ. ಗ್ಯಾಲರಿಯಲ್ಲಿ ಕೆಂಪು ಬಟ್ಟೆ ಮುಂದಕ್ಕೆ ಬಾಗಿತು. ಈಗಲೂ ಕೇಳಬಹುದು. ಪ್ರಶ್ನೆ ನಾಲಗೆಯ ತುದಿಯಲ್ಲಿದೆ, ಬಾಯಿ ತೆರೆದರೆ ಸಾಕು. ಒಗಿಯೆವಾ ಏನು ಮಾಡಿಯಾನು? ಹೇಳಿಯಾನು. ಅವ್ವನಿಗೆ ತಿಳಿದೀತು. ತಿಳಿದರೆ ಅವಳು ಬೈಯುವವಳಲ್ಲ, ಅದೇ ಕಷ್ಟ. ನೀಲಿ ಕೋಣೆಯಲ್ಲಿ ಹಾಸಿಗೆ ಯಾವ ಕಡೆಗಿತ್ತು ಎಂದು ಕೇಳುತ್ತಾಳೆ. ಸೂರು ಸೋರುತ್ತಿತ್ತೇ ಎಂದು ಕೇಳುತ್ತಾಳೆ. ಮೈಕಿನ ಗುಂಡಿ ಒತ್ತಿದ, ಕೆಂಪು ದೀಪ ಹತ್ತಲಿಲ್ಲ. ಮತ್ತೆ ಒತ್ತಿದ. "ಬಲವಾಗಿ ಒತ್ತೋ, ಹೆಂಡ್ತಿ ಕೈ ಅಂದ್ಕೊಂಡ್ಯಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಆ ನಗುವಿನ ನಡುವೆ ದೀಪ ಹತ್ತಿತು, ಮತ್ತು ಅವನ ಬಾಯಿಂದ ಇಂಗ್ಲಿಷಿನಲ್ಲಿ ಮಾತು ಬರತೊಡಗಿತು. ಮಾನ್ಯ ಸಭಾಧ್ಯಕ್ಷರೇ, ಎದುರಿಗೆ ನಿಂತಿರುವವರು ನನ್ನ ಮಣ್ಣಿನ ಮಗಳು. ಅವರನ್ನು ಪ್ರಶ್ನಿಸುವುದೆಂದರೆ ಹಗಲಿಗೆ ಪಂಜು ಹಿಡಿದಂತೆ. ಅವರ ನ್ಯಾಯವನ್ನು ನನ್ನ ಮನೆಯವರೇ ಕಂಡುಂಡಿದ್ದಾರೆ. (ಇದನ್ನು ಯಾಕೆ ಹೇಳಿದ? ಯಾರೂ ಹೇಳು ಎಂದಿರಲಿಲ್ಲ.) ಆದ್ದರಿಂದ ಯಾವ ಪ್ರಶ್ನೆಯೂ ಇಲ್ಲದೆ, ಅವರು ತಲೆಬಾಗಿ ಹೊರಡಬಹುದು ಎಂದು ಸೂಚಿಸುತ್ತೇನೆ. ಧ್ವನಿ ಮೂಗಿನಿಂದ ಬರದೆ ಗಟ್ಟಿಯಾಗಿ, ಚೆನ್ನಾಗಿಯೇ ಬಂತು. ಹಾಗೆ ಬಂದದ್ದು ಅವನಿಗೆ ಹೇಸಿಗೆಯಾಯಿತು.

ಒಗಿಯೆವಾ ಕೂತಲ್ಲಿಂದಲೇ ಅನುಮೋದಿಸಿದ. ಹೌದೆನ್ನುವವರು ಹೌದೆಂದರು. ಸುತ್ತಿಗೆ ಬಿತ್ತು. ಜಸ್ಟಿಸ್ ಐಸಿಯೆನ್ ಸ್ಪೀಕರನ ಕಡೆಗೆ ಗೋಣನ್ನು ತುಸು ಅಲ್ಲಾಡಿಸಿದರು, ಬಾಗಿದರು ಎನ್ನಲು ಬಾರದಷ್ಟು. ಸೂಚನೆ ಮಂಡಿಸಿದವನಿಗೂ ಒಂದು ನಮಸ್ಕಾರ ಸಲ್ಲಬೇಕೆಂಬ ಪದ್ಧತಿ ಇತ್ತು, ಹೆಚ್ಚಿನವರು ಅದನ್ನು ಮರೆಯುತ್ತಿದ್ದರು. ಇವರು ಮರೆಯಲಿಲ್ಲ. ಪೂರ್ತಿ ಅವನ ಕಡೆ ತಿರುಗಿ, ಕಣ್ಣಿನಲ್ಲಿ ಕಣ್ಣಿಟ್ಟು, ಆಮೇಲೆ ನಿಧಾನವಾಗಿ, ಸೊಂಟದಿಂದ ಬಾಗಿದರು. ಹವಳದ ಸರ ಮುಂದಕ್ಕೆ ಜೋತುಬಿದ್ದಿತು. ಬೇಕಿದ್ದುದಕ್ಕಿಂತ ಬಹಳ ಹೊತ್ತು ಹಾಗೆಯೇ ಇದ್ದರು. ಪಕ್ಕದ ಕುರ್ಚಿಯ ಸದಸ್ಯ ಮೊಬೈಲಿನಿಂದ ತಲೆ ಎತ್ತಿದ. ಎಘೋಸಾನಿಗೆ ಕೆನ್ನೆಗೆ ಉಗಿಸಿಕೊಂಡಂತಾಯಿತು. ಒರೆಸಿಕೊಳ್ಳುವ ಹಾಗಿರಲಿಲ್ಲ, ಎಲ್ಲರೂ ನೋಡುತ್ತಿದ್ದರು.

ಅವ್ವನನ್ನು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗಬೇಕೆಂದು ಗ್ಯಾಲರಿಗೆ ಓಡಿದ. ಅವಳು ಅಲ್ಲಿರಲಿಲ್ಲ. ಕೆಳಗೆ, ಕಾರುಗಳ ನಡುವೆ, ಬಿಸಿಲಿನಲ್ಲಿ ನಿಂತಿದ್ದಳು. ಅವನನ್ನು ಕಂಡವಳೇ ಎರಡೂ ಕೈ ಚಾಚಿ ಅವನ ಮುಖ ಹಿಡಿದುಕೊಂಡಳು.

"ನೋಡಿದೆ. ಎಲ್ಲ ನೋಡಿದೆ ಕಣೋ. ನೀನು ಎದ್ದು ನಿಂತು ಕೇಳಿದೆ. ಅವಳ ಬಾಯಿಂದ ಒಂದು ಮಾತು ಹೊರಡ್ಲಿಲ್ಲ. ಅಷ್ಟು ಗಂಡಸರ ಮುಂದೆ ನಿನಗೆ ತಲೆ ತಗ್ಗಿಸಿದಳು. ಇಷ್ಟು ಬಗ್ಗಿದಳು, ಇಷ್ಟು!" ಎಂದು ತಾನೇ ಬಾಗಿ ತೋರಿಸಿದಳು.

"ಅವ್ವ, ಅದು..." ಎಂದ. ಅದು ಏನೆಂದು ಹೇಳಬೇಕು? ಅವಳ ಮುಖದಲ್ಲಿ ಅವನು ಎಂದೂ ನೋಡದಿದ್ದ ಹೆಂಗಸೊಬ್ಬಳು ಬಂದು ನಿಂತಿದ್ದಳು, ಹದಿಹರೆಯದವಳು, ಗೆದ್ದವಳು. "ಬಾ, ಬಿಸಿಲು," ಎಂದಷ್ಟೇ ಹೇಳಿ ತೋಳು ಹಿಡಿದ.

ಅಷ್ಟರಲ್ಲಿ ಜಸ್ಟಿಸ್ ಐಸಿಯೆನ್ ಮೆಟ್ಟಿಲಿಳಿದು ತಮ್ಮ ಕಾರಿನ ಕಡೆ ಬಂದರು. ಅವ್ವ ಅವನ ಕೈ ಬಿಡಿಸಿಕೊಂಡು ಅಡ್ಡ ಹೋಗಿ ನಿಂತಳು. ಕಾವಲಿನವರು ಮುಂದೆ ಬಂದರು, ನ್ಯಾಯಾಧೀಶೆ ಬೇಡವೆಂದು ಕೈ ಮಾಡಿದರು. ಗುರುತು ಹತ್ತಿತ್ತು. ಒಂದೇ ಎತ್ತರದ ಇಬ್ಬರು ಕುಳ್ಳ ಹೆಂಗಸರು, ಇಬ್ಬರಿಗೂ ವಯಸ್ಸಾಗಿತ್ತು.

"ಅಮ್ಮಾ," ಎಂದಳು ಅವ್ವ ತನ್ನೂರಿನ ಮಾತಿನಲ್ಲಿ, "ನಿನ್ನ ಹೆಸರು ಹಿಡಿದು ಶಪಿಸದೆ ನಾನು ಒಂದು ದಿನ ಮಲಗಿದವಳಲ್ಲ. ನಿನ್ನ ಮಕ್ಕಳಿಗೂ ತಾಗ್ಲಿ ಅಂದಿದೀನಿ. ಇವತ್ತು ನೀನು ನನ್ನ ಮಗನಿಗೆ ತಲೆ ಬಾಗಿದೆ. ದೊಡ್ಡೋಳು ಅನ್ನೋದನ್ನೂ ನೋಡ್ಲಿಲ್ಲ. ಸಾಕು. ನಾನು ಎಲ್ಲ ಹಿಂದಕ್ಕೆ ತಗೊಂಡೆ."

ಜಸ್ಟಿಸ್ ಐಸಿಯೆನ್ ಅವ್ವನನ್ನು ನೋಡಿದರು. ಆಮೇಲೆ ಅವಳ ಹೆಗಲ ಮೇಲಿಂದ ಎಘೋಸಾನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು. ಆ ತಿಳಿಯುವಿಕೆ ಅವರ ಮುಖದ ಮೇಲೆ ಹಾದುಹೋದದ್ದನ್ನು ಅವನು ಕಂಡ, ಮತ್ತು ತನ್ನ ಗತಿ ಈಗ ಅವರ ಬಾಯಲ್ಲಿದೆ ಎಂದು ಕಂಡ. ಹೇಳಲಿ, ಹೇಳಿಬಿಡಲಿ ಎಂದು ಒಂದು ಕ್ಷಣ ಅನ್ನಿಸಿತು. ಕೂಡಲೇ ಕಣ್ಣಿನಲ್ಲೇ ಬೇಡಿಕೊಂಡ, ನಾಚಿಕೆಯಿಲ್ಲದೆ.

"ಹೌದು ತಾಯಿ," ಎಂದರು ಅವರು. "ನಿಮ್ಮ ಮಗ ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ."

ಅವ್ವ ಕಣ್ಣೊರೆಸಿಕೊಂಡು, ಚೀಲದಿಂದ ಒಂದು ಜೋಳದ ತೆನೆ ತೆಗೆದು ಅವರ ಕೈಗಿತ್ತಳು. ಅವರು ತೆಗೆದುಕೊಂಡರು. ಕಾರಿನೊಳಗೆ ಕೂತು, ಬಾಗಿಲು ಹಾಕುವ ಮುನ್ನ, ತೀರ್ಪು ಓದುವ ಅದೇ ಸಮ ಧ್ವನಿಯಲ್ಲಿ, ಇಂಗ್ಲಿಷಿನಲ್ಲಿ ಅವನಿಗೆ ಹೇಳಿದರು: "ಬೆಳಗಿನಿಂದ ಕಾಯ್ತಾ ಇದ್ದೆ, ಆನರಬಲ್. ಅವತ್ತು ನಾನು ಕೇಳಲಿಲ್ಲ. ಇವತ್ತು ನೀವು ಕೇಳಲಿಲ್ಲ."

ಕಾರು ಹೊರಟುಹೋಯಿತು. ಧೂಳು ಇಳಿಯುವವರೆಗೂ ಅವ್ವ ಅತ್ತಲೇ ನೋಡುತ್ತಿದ್ದಳು.

"ಕೊನೇಲಿ ಏನಂದಳು?"

"ತಪ್ಪಾಯ್ತು ಅಂದ್ರು."

ಅವ್ವ ತಲೆಯಾಡಿಸಿದಳು. ಅವನ ಕಾರಿನತ್ತ ನಡೆದಳು, ಬೆಳಗಿಗಿಂತ ಬೇಗ ಬೇಗ. ಪೊಲೀಸಿನವನು ತಾನೇ ಮುಂದಿನ ಬಾಗಿಲು ತೆಗೆದು ಹಿಡಿದ. ಕೂತು ಬಟ್ಟೆ ಸರಿಮಾಡಿಕೊಂಡು ಹಿಂದಕ್ಕೆ ತಿರುಗಿದಳು.

"ಹಂಗಾದ್ರೆ ಮನೆ ನಮ್ದಾಯ್ತು. ತೀರ್ಪು ಕೊಟ್ಟೋಳೇ ತಪ್ಪಾಯ್ತು ಅಂದ ಮೇಲೆ ಇನ್ನೇನು? ಈಗ ಇಡೀ ರಾಜ್ಯಕ್ಕೆ ಅವಳೇ ದೊಡ್ಡೋಳಂತೆ ಬೇರೆ. ಒಸಾಜೆಗೆ ಯಾರು ಹೇಳ್ತಾರೆ, ನೀನೋ ಕೋರ್ಟಿನೋರೋ?"

ಎಘೋಸಾ ಬಂದೂಕಿನ ಪಕ್ಕ ಕೂತ. "ನೋಡೋಣ ಅವ್ವ," ಎಂದ.

"ನೋಡೋದೇನು, ನಾನೇ ಹೇಳ್ತೀನಿ. ಮಳೆ ಹಿಡಿಯೋಕ್ಕೆ ಮುಂಚೆ ಸೂರು ನೋಡ್ಬೇಕು. ನನ್ನ ನೀಲಿ ಕೋಣೆ ಏನು ಮಾಡಿಟ್ಟಿದಾರೋ," ಎಂದು ಅವಳು ಮುಂದಕ್ಕೆ ತಿರುಗಿ ಡ್ರೈವರನಿಗೆ ಆ ಮನೆಯಿರುವ ಬೀದಿಯ ಹೆಸರು ಹೇಳಿದಳು. ಡ್ರೈವರ್ ಗಾಡಿ ಚಾಲೂ ಮಾಡಿ, ಕನ್ನಡಿಯಲ್ಲಿ ಎಘೋಸಾನ ಮುಖ ನೋಡಿದ.

"ಅಲ್ಲಿಗೇ ಹೋಗ್ಲಾ ಸಾರ್?"